ಅಮೀನಾಳ ಮನೆಗೆ ಬಾರದ ಫಿತ್ರಾ

ಈದುಲ್ ಫಿತ್ರ್ ಹತ್ತಿರವಾದಂತೆ ಪ್ರೇಮ್‌ಚಂದರ ‘ಈದ್‌ಗಾಹ್’ ಕಥೆ ನಮಗೆ ನೆನಪಾಗುತ್ತದೆ. 1933ರಲ್ಲಿ ಪ್ರಕಟವಾದ ಈ ಕಥೆಯನ್ನು ನಾವು ಮೊದಲು ಉರ್ದುವಿನಲ್ಲಿ, ಆಮೇಲೆ ಕನ್ನಡದಲ್ಲಿ ಓದಿದೆವು. ಎರಡು ಕಡೆಯೂ ಮೇಷ್ಟ್ರು ಹೇಳಿದ ನೀತಿ ಒಂದೇ: ಹಾಮಿದನಂತೆ ತ್ಯಾಗ ಮಾಡಿರಿ.

ತಂದೆ ತಾಯಿ ಇಲ್ಲದ ನಾಲ್ಕೈದು ವರ್ಷದ ಹುಡುಗ, ಜೇಬಿನಲ್ಲಿ ಮೂರು ಪೈಸೆ. ಜೊತೆಯ ಹುಡುಗರು ಮಣ್ಣಿನ ಸಿಪಾಯಿ, ಭಿಸ್ತಿ, ವಕೀಲರನ್ನು ಕೊಳ್ಳುತ್ತಾರೆ, ಮಿಠಾಯಿ ತಿನ್ನುತ್ತಾರೆ. ಹಾಮಿದ್ ಮಾತ್ರ ರೊಟ್ಟಿ ತೆಗೆಯುವಾಗ ಅಜ್ಜಿಯ ಬೆರಳು ಸುಡುವುದನ್ನು ನೆನೆದು ಕಬ್ಬಿಣದ ಚಿಮಟ ತರುತ್ತಾನೆ.

ಮತ್ತೆ ಓದಿದಾಗ ನಮ್ಮ ಕಣ್ಣು ಅಜ್ಜಿ ಅಮೀನಾಳ ಮೇಲೆ ನಿಂತಿತು. ಬಟ್ಟೆ ಹೊಲಿದು ಸಂಪಾದಿಸಿದ ಎಂಟಾಣೆಯನ್ನು ಆಕೆ ಹಬ್ಬಕ್ಕೆಂದು ಜೋಪಾನ ಮಾಡಿದ್ದಳು. ಹಾಲಿನವಳ ಬಾಕಿ ತೀರಿಸಿದ ಮೇಲೆ ಉಳಿದದ್ದು ಎರಡಾಣೆ: ಮೂರು ಪೈಸೆ ಮೊಮ್ಮಗನಿಗೆ, ಐದು ಪೈಸೆ ತನ್ನ ಚೀಲದಲ್ಲಿ. ಅಷ್ಟರಲ್ಲೇ ಶಾವಿಗೆ ಆಗಬೇಕು. ಅಗಸಗಿತ್ತಿ, ಬಳೆಗಾರ್ತಿ ಬಂದರೆ ಬರಿಗೈಯಲ್ಲಿ ಕಳುಹಿಸುವಂತಿಲ್ಲ. ಕೊಡುವ ಚಿಂತೆಯಲ್ಲಿರುವ ಈಕೆಗೆ ಕೊಟ್ಟವರು ಯಾರು? ಫಿತ್ರಾ ತಂದವರೊಬ್ಬರೂ ಕಥೆಯಲ್ಲಿಲ್ಲ.

ಪ್ರವಾದಿಯವರು(ಸ) ಮನೆಯ ಮಕ್ಕಳನ್ನೂ ಲೆಕ್ಕ ಹಿಡಿದು, ತಲೆಗೊಂದು ಸಾಅ್ ಖರ್ಜೂರ ಅಥವಾ ಜವೆಗೋಧಿಯನ್ನು ಫಿತ್ರಾ ಎಂದು ಕಡ್ಡಾಯಗೊಳಿಸಿದರು. ಜನರು ಈದ್ ನಮಾಝಿಗೆ ಹೊರಡುವ ಮೊದಲೇ ಅದು ಸಲ್ಲಬೇಕೆಂದರು. ಬಡವರ ಒಲೆಯೂ ನಮ್ಮ ಒಲೆಯ ಜೊತೆಗೇ ಉರಿಯಲಿ ಎಂಬುದು ಅದರ ಆಶಯ.

ಈದ್‌ಗಾಹ್‌ನ ಸಾಲುಗಳನ್ನು ಪ್ರೇಮ್‌ಚಂದ್ ಮನದುಂಬಿ ವರ್ಣಿಸುತ್ತಾರೆ. ಅಲ್ಲಿ ಹಣ, ಅಂತಸ್ತು ನೋಡುವವರಿಲ್ಲ. ಆದರೆ ನಮಾಝ್ ಮುಗಿದು ಅಂಗಡಿಗಳ ಮುಂದೆ ನಿಂತೊಡನೆ ಒಬ್ಬ ಹದಿನೈದು ಪೈಸೆಯವನು, ಒಬ್ಬ ಮೂರು ಪೈಸೆಯವನು. ಊರಿನವರೂ ಉಳ್ಳವರಲ್ಲ, ಹಬ್ಬಕ್ಕಾಗಿ ಚೌಧರಿಯ ಮನೆಗೆ ಓಡುವವರು. ಲೇಖಕರು ಯಾರನ್ನೂ ದೂರುವುದಿಲ್ಲ. ಹಾಗಾಗಿ ಪ್ರಶ್ನೆ ಓದುಗರ ಪಾಲಿಗೆ ಉಳಿಯುತ್ತದೆ.

ಕೊನೆಯಲ್ಲಿ ಮುದುಕಿ ಮಗುವಿನಂತೆ ಅಳುತ್ತಾಳೆ, ಮಗು ಮುದುಕನಂತೆ ನಿಲ್ಲುತ್ತದೆ. ಇದನ್ನು ಬರೀ ಮೆಚ್ಚಿ ಓದುವುದು ನಮಗೆ ಅನುಕೂಲದ ಓದು. ಬಡ ಮಕ್ಕಳ ತ್ಯಾಗವನ್ನು ಹೊಗಳಲು ಖರ್ಚೇನೂ ಇಲ್ಲ. ನಾವೂ ಹೊಸ ಬಟ್ಟೆ, ಶೀರ್ ಖುರ್ಮಾದ ಗಡಿಬಿಡಿಯಲ್ಲಿ ಫಿತ್ರಾವನ್ನು ಕೊನೆಯ ಗಳಿಗೆಗೆ ತಳ್ಳಿ, ಈದ್‌ಗಾಹ್‌ನ ಬಾಗಿಲಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕಿ ಬಂದವರೇ.

ಹಿಂದಿನ ರಾತ್ರಿಯೇ ಅಮೀನಾಳ ಮನೆಗೆ ಫಿತ್ರಾ ತಲುಪಿದ್ದರೆ ಹಾಮಿದ್ ಚಿಮಟದ ಜೊತೆ ಮಿಠಾಯಿಯನ್ನೂ ಕೊಳ್ಳುತ್ತಿದ್ದ. ಬಹುಶಃ ಕಥೆ ಇರುತ್ತಿರಲಿಲ್ಲ. ಆದರೆ ಹಬ್ಬದ ದಿನ ಮಗು ಮಗುವಾಗಿಯೇ ಇರುತ್ತಿತ್ತು. ನಮ್ಮ ಮೊಹಲ್ಲಾದಲ್ಲಿ ಐದು ಪೈಸೆ ಎಣಿಸುತ್ತಿರುವ ಅಮೀನಾ ಯಾರೆಂದು ಚಾಂದ್ ಕಾಣುವ ಮೊದಲೇ ನಾವು ವಿಚಾರಿಸೋಣ.