‘ನಿದ್ದಾ’ ಪ್ರಕರಣದಲ್ಲಿ ಸ್ತ್ರೀವಾಕ್ಯದ ಪ್ರಾಮಾಣ್ಯ

ಯೆಹೂದ್ಯರ ಸ್ಮೃತಿಸಂಗ್ರಹವಾದ ಮಿಷ್ನಾ ಕ್ರಿ.ಶ. 200ರ ಸುಮಾರಿನಲ್ಲಿ ಸಂಕಲಿತವಾಯಿತು. ಅದರ ಕಡೆಯ ಭಾಗವು ಶುದ್ಧಿವಿಚಾರಕ್ಕೆ ಮೀಸಲು. ಆ ಭಾಗದ 12 ಪ್ರಕರಣಗಳಲ್ಲಿ ಬಾಬಿಲೋನಿನ ತಲ್ಮೂದಿನ ವ್ಯಾಖ್ಯಾನವನ್ನು ಪಡೆದುದು ಒಂದೇ. ಅದು ರಜಸ್ವಲೆಯ ನಿಯಮಗಳನ್ನು ಹೇಳುವ ‘ನಿದ್ದಾ’. ಇದರ ಕಾರಣವನ್ನು ಮೂಲದಲ್ಲಿಯೇ ಕಾಣಬಹುದು. ಕ್ರಿ.ಶ. 70ರಲ್ಲಿ ಯೆರೂಸಲೇಮಿನ ದೇವಾಲಯವು ನಾಶವಾಗಲು, ಅದನ್ನು ಆಶ್ರಯಿಸಿದ್ದ ಶುದ್ಧಿನಿಯಮಗಳು ಕ್ರಮೇಣ ಬಹುಮಟ್ಟಿಗೆ ಲೋಪವಾದುವು. ರಜಸ್ವಲೆಯ ವಿಷಯವಾದರೋ ಯಾಜಕಕಾಂಡದ 15ನೆಯ ಅಧ್ಯಾಯದಲ್ಲಿ ಮಾತ್ರವಲ್ಲದೆ, 18 ಮತ್ತು 20ನೆಯ ಅಧ್ಯಾಯಗಳ ನಿಷಿದ್ಧ ಸಂಬಂಧಗಳ ನಡುವೆಯೂ ಉಕ್ತವಾಗಿದೆ. ಆದುದರಿಂದ ದೇವಾಲಯವಳಿದರೂ ಈ ನಿಯಮವು ದಾಂಪತ್ಯದಲ್ಲಿ ಉಳಿಯಿತು.

ಸ್ರಾವವು ನಿಂತಮೇಲೆ ಸ್ತ್ರೀಯು ಏಳು ಶುದ್ಧ ದಿನಗಳನ್ನೆಣಿಸಿ, ರಾತ್ರಿಯಾದಮೇಲೆ ‘ಮಿಕ್ವೆ’ ಎಂಬ ಕೊಳದಲ್ಲಿ ಮುಳುಗಬೇಕು. ಅದರಲ್ಲಿ 40 ‘ಸೆಆ’ ಪ್ರಮಾಣದ ಮಳೆಯ ಅಥವಾ ಒರತೆಯ ನೀರಿರಬೇಕು. ಸೇದಿ ತುಂಬಿದ ನೀರು ಸಲ್ಲದು. ಮೈತೊಳೆದುಕೊಂಡೇ ಕೊಳಕ್ಕಿಳಿಯಬೇಕೆಂಬ ವಿಧಿಯಿರುವುದರಿಂದ, ಇದು ಕೊಳೆಯನ್ನು ಕಳೆಯುವ ಸ್ನಾನವಲ್ಲವೆಂಬುದು ವಿದಿತವಾಗುತ್ತದೆ.

ಈ ಪ್ರಕರಣದಲ್ಲಿ ವಿಧಿಸುವವರೂ ವಾದಿಸುವವರೂ ಪುರುಷರೇ. ಹೀಗಿದ್ದರೂ ಶಾಸ್ತ್ರದ ಭಾರವೆಲ್ಲ ಸ್ತ್ರೀಯ ಮಾತಿನ ಮೇಲೆ ನಿಂತಿದೆ. ಯಾಜಕಕಾಂಡವು ಅವಳು ತನಗಾಗಿ ದಿನಗಳನ್ನೆಣಿಸಿಕೊಳ್ಳಲೆಂದು ವಿಧಿಸುತ್ತದೆ; ಇದರಿಂದ ಅವಳ ಎಣಿಕೆಯೇ ಪ್ರಮಾಣವೆಂದು ತಲ್ಮೂದು ನಿರ್ಣಯಿಸಿತು. ಬೇರೆ ಸಾಕ್ಷಿಯನ್ನು ಕೇಳಲಿಲ್ಲ.

ಯಲ್ತಾ ಎಂಬವಳ ಪ್ರಸಂಗವು ಇದಕ್ಕೆ ಉತ್ತಮ ನಿದರ್ಶನ. ಅವಳು ತಂದು ತೋರಿಸಿದ ರಕ್ತವನ್ನು ಒಬ್ಬ ಪಂಡಿತನು ಅಶುದ್ಧವೆಂದನು. ಅವಳು ಮತ್ತೊಬ್ಬನಲ್ಲಿಗೆ ಹೋದಳು. ಅವನೂ ಮೊದಲು ಹಾಗೆಯೇ ಹೇಳಿದನು. ಇಂಥದನ್ನು ಆ ಪಂಡಿತನು ಹಿಂದೆಲ್ಲ ಶುದ್ಧವೆನ್ನುತ್ತಿದ್ದನೆಂದೂ, ಅಂದು ಅವನ ಕಣ್ಣು ನೋಯುತ್ತಿದ್ದಿತೆಂದೂ ಅವಳು ತಿಳಿಸಲು, ಅವಳ ಮಾತನ್ನು ನಂಬಿ ಶುದ್ಧವೆಂದನು. ಒಬ್ಬನು ನಿಷೇಧಿಸಿದುದನ್ನು ಇನ್ನೊಬ್ಬನು ಅನುಮತಿಸಬಾರದೆಂಬ ಕಟ್ಟಳೆಯನ್ನು ಎದುರಿಗಿಟ್ಟುಕೊಂಡೇ ತಲ್ಮೂದು ಈ ಕಥೆಯನ್ನು ರಕ್ಷಿಸಿರುವುದು ಗಮನಾರ್ಹ.

ಆದರೆ ಇದೇ ಪ್ರಕರಣದ ಬೇರೊಂದು ವಾಕ್ಯವು ಸಂದೇಹಾಸ್ಪದವಾಗಿದೆ. ಮೂಲವಿಧಿಯಂತೆ ಸಾಮಾನ್ಯ ರಜಸ್ಸಿಗೆ ಒಟ್ಟು ಏಳು ದಿನಗಳು. ಅಕಾಲದ ದೀರ್ಘಸ್ರಾವಕ್ಕೆ ಮಾತ್ರ ಏಳು ಶುದ್ಧ ದಿನಗಳು. ಸಾಸಿವೆಯಷ್ಟು ರಕ್ತಕ್ಕೂ ಏಳು ಶುದ್ಧ ದಿನಗಳನ್ನು ಕಾಯುವ ಕಟ್ಟುನಿಟ್ಟನ್ನು ಇಸ್ರಾಯೇಲಿನ ಸ್ತ್ರೀಯರೇ ಕೈಕೊಂಡರೆಂದು ರಬ್ಬಿ ಜೇರಾ ಹೇಳುತ್ತಾನೆ. ಇದು ಸ್ತ್ರೀಯರ ನಿಷ್ಠೆಯ ಶ್ಲಾಘನೆಯೋ, ಪಂಡಿತರು ತಮ್ಮ ನಿರ್ಣಯವನ್ನು ಅವರ ಮೇಲಿಟ್ಟ ಬಗೆಯೋ? ಈ ವಾಕ್ಯವೊಂದರಿಂದ ಎರಡನ್ನೂ ಸಾಧಿಸಲಾಗದು. ಒಂದಂತೂ ಸಿದ್ಧ: ಕಠಿನ ನಿಯಮವನ್ನು ಸ್ಥಿರಪಡಿಸಲು ಗ್ರಂಥಕ್ಕೆ ಸ್ತ್ರೀಯರ ಅಂಗೀಕಾರವು ಬೇಕಾಯಿತು. ಪ್ರಶ್ನೆಯು ಕೇವಲ ಪಾಂಡಿತ್ಯದ್ದಲ್ಲ. ಬೇಗನೆ ಋತುಫಲ ಕಾಲವು ಬರುವ ಕೆಲವರಿಗೆ ಈ ದೀರ್ಘವಾದ ಕಾಯುವಿಕೆಯಿಂದ ಗರ್ಭಧಾರಣೆಯೇ ಕಷ್ಟವಾಗುತ್ತದೆ.

ಯೆರೂಸಲೇಮಿನ ‘ನಿಶ್ಮತ್’ ವಿದ್ಯಾಲಯದಲ್ಲಿ ಈ ನಿಯಮಗಳನ್ನು ಕಲಿತ ಸ್ತ್ರೀಯರ ಮೊದಲ ತಂಡವು 1999ರಲ್ಲಿ ಹೊರಬಂದಿತು. ಇತರ ಸ್ತ್ರೀಯರ ಸಂದೇಹಗಳಿಗೆ ಉತ್ತರಿಸುವುದು ಅವರ ಕಾರ್ಯ. ಕ್ಲಿಷ್ಟವಾದ ನಿರ್ಣಯಗಳು ಈಗಲೂ ರಬ್ಬಿಗಳಿಗೇ ಸೇರಿವೆ. ಯಲ್ತಾ ಸಾಕ್ಷಿ ನುಡಿದಳು. ಇವರು ಶಾಸ್ತ್ರವನ್ನೂ ನುಡಿಯುತ್ತಾರೆ. ಸಾಕ್ಷ್ಯಕ್ಕೂ ನಿರ್ಣಯಕ್ಕೂ ನಡುವೆ ಪ್ರಕರಣವು ಎಳೆದ ಗೆರೆಯು ಮಾತ್ರ ಇನ್ನೂ ಅಳಿಸಿಲ್ಲ.