ಹೊಸ್ತಿಲಿನ ಹೊರಗಣ ಜಾಗ

ಊರು ಬಿಟ್ಟು ಬಂದು ಮುಂಬಯಿಯಲ್ಲಿ ನೆಲೆಸಿದ ನಮ್ಮವರು ನಾಲ್ಕು ಜನ ಎಲ್ಲಿ ಕಲೆತರೂ, ಮದುವೆಯ ಪಂಕ್ತಿಯಲ್ಲಾಗಲಿ, ಸಂಘದ ಯಕ್ಷಗಾನದಲ್ಲಾಗಲಿ, ಇತ್ತೀಚೆಗೆ ಮಾತು ಒಂದೇ ಕಡೆಗೆ ತಿರುಗುತ್ತದೆ. “ನಿಮ್ಮ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಯಿತೋ? ಎಷ್ಟು ಚದರಡಿ ಕೊಡುತ್ತಾರಂತೆ?” ಊರಿನ ಮಳೆ-ಬೆಳೆಯ ವಿಚಾರ ಕೂಡ ಇದರ ನಂತರವೇ. ಹೀಗೆ ಕೇಳುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಒಂದೇ ಖೋಲಿಯಲ್ಲಿ ಎರಡು ಮೂರು ತಲೆಮಾರು ಬಾಳಿದವರಿಗೆ ಚದರಡಿಯ ಬೆಲೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಮನೆಯೆಂದರೆ ಗೋಡೆಯೊಳಗಿನ ಚದರಡಿ ಮಾತ್ರವೇ ಎಂಬ ಪ್ರಶ್ನೆಯನ್ನು 1985ರಷ್ಟು ಹಿಂದೆಯೇ ಎತ್ತಿದ ಗ್ರಂಥವೊಂದಿದೆ: ಚಾರ್ಲ್ಸ್ ಕೊರಿಯಾ ಅವರ ‘ದಿ ನ್ಯೂ ಲ್ಯಾಂಡ್‌ಸ್ಕೇಪ್’. ಅದನ್ನು ಈಗ ಮತ್ತೊಮ್ಮೆ ಓದಿ, ನಮಗನಿಸಿದ್ದನ್ನು ಓದುಗರ ಮುಂದಿಡುತ್ತಿದ್ದೇವೆ.

ನಲವತ್ತು ವರ್ಷ ಹಳೆಯ ಪುಸ್ತಕಕ್ಕೆ ಈಗೇಕೆ ವಿಮರ್ಶೆ ಎಂದು ಕೆಲವರು ಕೇಳಬಹುದು. ನಗರ ಯೋಜನೆಯ ಗ್ರಂಥವನ್ನು ಅಚ್ಚಾದ ವರ್ಷವೇ ವಿಮರ್ಶಿಸುವುದೆಂದರೆ ತೆಂಗಿನ ಸಸಿಯನ್ನು ನೆಟ್ಟ ಮರುದಿನವೇ ಕಾಯಿ ಎಣಿಸಿದಂತೆ. ಅದು ಫಲ ಕೊಟ್ಟಿತೋ ಇಲ್ಲವೋ ತಿಳಿಯಲು ಇಷ್ಟು ಕಾಲ ಬೇಕು.

ಕೊರಿಯಾ ಅವರು 1930ರಲ್ಲಿ ಸಿಕಂದರಾಬಾದಿನಲ್ಲಿ ಹುಟ್ಟಿದವರು. ಮುಂಬಯಿ ಮತ್ತು ಅಮೆರಿಕದಲ್ಲಿ ಓದಿ, ಮುಂಬಯಿಯನ್ನೇ ಕರ್ಮಭೂಮಿಯಾಗಿಸಿಕೊಂಡು 2015ರಲ್ಲಿ ತೀರಿಕೊಂಡರು. ಬೆಂಗಳೂರಿನ ವಿಶ್ವೇಶ್ವರಯ್ಯ ಗೋಪುರವನ್ನು ಕಂಡವರು ಅವರ ಕೈಕೆಲಸವನ್ನು ಕಂಡಂತೆಯೇ. ದಕ್ಷಿಣದ ತುದಿಗೆ ಉಸಿರುಕಟ್ಟುವಂತೆ ಒತ್ತಿಕೊಳ್ಳುತ್ತಿದ್ದ ಮುಂಬಯಿಯನ್ನು ಖಾಡಿಯಾಚೆಗೆ ಬೆಳೆಸಬೇಕೆಂಬ ವಿಚಾರವನ್ನು ಅವರು, ಪ್ರವೀಣಾ ಮೆಹ್ತಾ ಮತ್ತು ಶಿರೀಷ್ ಪಟೇಲ್ ಸೇರಿ 1965ರಲ್ಲಿ ‘ಮಾರ್ಗ್’ ಪತ್ರಿಕೆಯಲ್ಲಿ ಮಂಡಿಸಿದರು. 1970ರಲ್ಲಿ ಸಿಡ್ಕೋ ಸ್ಥಾಪನೆಯಾದಾಗ ಹೊಸ ನಗರದ ಮುಖ್ಯ ವಾಸ್ತುಶಿಲ್ಪಿಯಾದವರೂ ಅವರೇ. ಆದ್ದರಿಂದ ಈ ಗ್ರಂಥದಲ್ಲಿ ಪಂಡಿತನ ಮಾತಿನ ಜೊತೆಗೆ ಕೈ ಕೆಸರು ಮಾಡಿಕೊಂಡವನ ಮಾತೂ ಇದೆ.

ಗ್ರಂಥದ ತಿರುಳು ಜಾಗದ ಕುರಿತಾದ ಅಧ್ಯಾಯದಲ್ಲಿದೆ. ಮನುಷ್ಯನ ವಾಸಕ್ಕೆ ಬೇಕಾದ ಜಾಗವನ್ನು ಕೊರಿಯಾ ನಾಲ್ಕು ಹಂತಗಳಾಗಿ ನೋಡುತ್ತಾರೆ. ಅಡಿಗೆ, ನಿದ್ದೆ, ಸಾಮಾನುಗಳಿಗೆ ಮನೆಯ ಒಳಗು ಒಂದು. ಮಕ್ಕಳು ಆಡುವ, ನೆರೆಯವರೊಡನೆ ಮಾತಾಡುವ ಬಾಗಿಲ ಮುಂಗಡೆ ಎರಡನೆಯದು. ನೀರಿನ ನಲ್ಲಿ ಅಥವಾ ಬಾವಿಯಂಥ ಕೇರಿಯ ಕೂಡುತಾಣ ಮೂರನೆಯದು. ಇಡೀ ಊರು ಸೇರುವ ಮೈದಾನ ನಾಲ್ಕನೆಯದು. ಒಂದು ಕಡಿಮೆಯಾದರೆ ಇನ್ನೊಂದು ಅದನ್ನು ತುಂಬಿಕೊಡುತ್ತದೆ. ನಮ್ಮಂಥ ಬಿಸಿಲಿನ ದೇಶದಲ್ಲಿ ಆಕಾಶಕ್ಕೆ ತೆರೆದ ಅಂಗಳವೂ ವರ್ಷದ ಬಹುಕಾಲ ಒಂದು ಕೋಣೆಯೇ ಎಂಬುದು ಅವರ ವಾದ. ಜಗಲಿ, ಅಂಗಳ, ಬಾವಿಕಟ್ಟೆ, ಜಾತ್ರೆಗದ್ದೆ ಎಂದು ಹೆಸರಿಟ್ಟು ಬಳಸಿದ ಜನ ನಾವು. ಈ ಸಿದ್ಧಾಂತವನ್ನು ಅರ್ಥಮಾಡಿಕೊಳ್ಳಲು ನಮಗೆ ನಕಾಶೆಯೇ ಬೇಡ.

ಚಾಳಿನಲ್ಲಿ ಬದುಕಿದವರಿಗಂತೂ ಇದು ಅನುಭವದ ಮಾತು. ಖೋಲಿ ಚಿಕ್ಕದಾಗಿದ್ದರೂ ಗ್ಯಾಲರಿ ಉದ್ದವಾಗಿತ್ತು. ಹಪ್ಪಳ ಒಣಗಿದ್ದು, ಮಕ್ಕಳು ಪಾಠ ಓದಿದ್ದು, ಅಜ್ಜ ಕಣ್ಣು ಮುಚ್ಚಿದ ರಾತ್ರಿ ನೆರೆಯ ಮರಾಠಿ ಮನೆಯವರು ಬಂದು ಕುಳಿತದ್ದು ಎಲ್ಲವೂ ಆ ಗ್ಯಾಲರಿಯಲ್ಲೇ. ಆದರೂ ಬಿಲ್ಡರನ ಕಾಗದದಲ್ಲಿ ಗ್ಯಾಲರಿಗೆ ಲೆಕ್ಕವಿಲ್ಲ. ಅಧ್ಯಯನಕ್ಕೆಂದು ಬರುವವರ ಪ್ರಶ್ನಾವಳಿಯೂ ಸಾಮಾನ್ಯವಾಗಿ ಕೇಳುವುದು ಕುಟುಂಬದ ಆದಾಯ, ತಲೆಎಣಿಕೆ, ಖೋಲಿಯ ಅಳತೆಗಳನ್ನೇ. ಅಳೆಯಲು ಸುಲಭವಾದದ್ದೇ ಮುಖ್ಯವೆಂದು ತಿಳಿಯುವ ಈ ರೋಗವನ್ನು ಕೊರಿಯಾ ಗುರುತಿಸಿದ್ದಾರೆ.

ಇನ್ನೊಂದು ಪ್ರಸಂಗ ನಮ್ಮ ಮನಸ್ಸಿಗೆ ವಿಶೇಷವಾಗಿ ತಟ್ಟಿತು. ಫುಟ್‌ಪಾತಿನಲ್ಲಿ ಮಲಗುವವರೆಲ್ಲ ದಿಕ್ಕಿಲ್ಲದವರಲ್ಲ. ಅವರಲ್ಲಿ ಅನೇಕರು ದುಡಿಯುವವರು, ಹಲವರು ಸೇರಿ ಹಿಡಿದ ಕೋಣೆಯಲ್ಲಿ ಟ್ರಂಕು ಇಟ್ಟು ಹೊರಗೆ ಮಲಗುವವರು ಎಂದು ಅವರು ಗಮನಿಸುತ್ತಾರೆ. ಅಂಥವರಿಗಾಗಿ ಫೋರ್ಟಿನ ರಸ್ತೆಯ ಬದಿಗೆ ನೀರಿನ ನಲ್ಲಿಗಳಿರುವ ಕಟ್ಟೆಗಳನ್ನು ಕಟ್ಟಿ, ಹಗಲು ಬೀದಿ ವ್ಯಾಪಾರಿಗಳಿಗೂ, ಸಂಜೆ ತೊಳೆದ ಮೇಲೆ ಮಲಗುವವರಿಗೂ ಒದಗಿಸಬಹುದೆಂದು ಸೂಚಿಸುತ್ತಾರೆ. ಇದೇ ಫೋರ್ಟಿನ ಉಡುಪಿ ಹೋಟೆಲುಗಳಲ್ಲಿ ಹಗಲೆಲ್ಲ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಅಂಗಡಿ ಮುಚ್ಚಿದ ಮೇಲೆ ಮೇಜಿನ ಮೇಲೆಯೇ ಚಾಪೆ ಹಾಸಿದ ಹುಡುಗರು ಎಷ್ಟು ಮಂದಿ! ಮುಂದೆ ಅವರೇ ಗುಮಾಸ್ತರಾದರು, ವಕೀಲರಾದರು, ನಮ್ಮ ಸಂಘಗಳ ಅಧ್ಯಕ್ಷರೂ ಆದರು. ಊರಿನಲ್ಲಿ ಮನೆಯಿದ್ದು ಇಲ್ಲಿ ವಿಳಾಸವಿಲ್ಲದ ಆ ಹುಡುಗನನ್ನು ನಗರದ ಪ್ರಜೆಯೆಂದು ಕಂಡ ವಾಸ್ತುಶಿಲ್ಪಿ ಅಪರೂಪದವನು. ಗ್ರಂಥದ ದೊಡ್ಡತನ ಇಲ್ಲಿದೆ.

ಇಷ್ಟು ಹೇಳಿದ ಮೇಲೆ ನಮ್ಮ ಆಕ್ಷೇಪಗಳನ್ನೂ ಹೇಳದಿದ್ದರೆ ವಿಮರ್ಶೆಯ ಧರ್ಮಕ್ಕೆ ಚ್ಯುತಿ ಬರುತ್ತದೆ.

ಮೊದಲನೆಯದು ನೆಲದ್ದು. ಜಾಗವೊಂದು ಸಂಪತ್ತು ಎಂದು ಗ್ರಂಥ ಸಾರುತ್ತದೆ. ಆದರೆ ಆ ಸಂಪತ್ತಿಗೆ ಆಗಲೇ ವಾರಸುದಾರರಿದ್ದರು. ನವಿ ಮುಂಬಯಿಗಾಗಿ 95 ಹಳ್ಳಿಗಳ ನೆಲ ಗುರುತಾಯಿತು. ಅಲ್ಲಿ ಭತ್ತ ಬೆಳೆಯುವವರೂ, ಉಪ್ಪು ತೆಗೆಯುವವರೂ, ಮೀನು ಹಿಡಿಯುವವರೂ ಬಾಳುತ್ತಿದ್ದರು. ಪರಿಹಾರಕ್ಕಾಗಿ 1984ರ ಜನವರಿಯಲ್ಲಿ ಅವರು ಚಳವಳಿ ಹೂಡಿದಾಗ ಗೋಲೀಬಾರಿಗೆ ಐವರು ಬಲಿಯಾದರು. ಸ್ವಾಧೀನವಾದ ನೆಲದಲ್ಲಿ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿ ಅವರಿಗೇ ಮರಳಿಸುವ ಯೋಜನೆ ಬಂದದ್ದು ಆ ನೆತ್ತರು ಹರಿದ ಮೇಲೆ. ಮರುವರ್ಷವೇ ಪ್ರಕಟವಾದ ಈ ಗ್ರಂಥದ ವಾದದಲ್ಲಿ ಆ ರೈತನ ದನಿಗೆ ಸಿಗಬೇಕಾದ ತೂಕ ಸಿಕ್ಕಿಲ್ಲ. ಊರಿನಲ್ಲಿ ಗದ್ದೆ ಕಳೆದುಕೊಂಡ ನೋವು ಅರಿತ ನಾವು ಇದನ್ನು ಮರೆಯಲಾಗದು.

ಎರಡನೆಯದು ಸಂಚಾರ. ಬಡವನಿಗೆ ಮನೆಗಿಂತ ಮೊದಲು ಬೇಕಾದದ್ದು ಕೆಲಸಕ್ಕೆ ಹೋಗುವ ಅಗ್ಗದ ಸಾಧನ ಎಂಬ ಮಾತನ್ನು ಕೊರಿಯಾ ಸಮರ್ಥವಾಗಿ ವಾದಿಸುತ್ತಾರೆ. ನಡೆದದ್ದೇ ಬೇರೆ. ಖಾಡಿಗೆ ರಸ್ತೆಯ ಸೇತುವೆ 1973ರಲ್ಲಿ ಬಂತು. ಮಾನ್‌ಖುರ್ದಿನಿಂದ ವಾಶಿಗೆ ಲೋಕಲ್ ರೈಲು ಬಂದದ್ದು 1992ರಲ್ಲಿ. ಸರಕಾರಿ ಕಚೇರಿಗಳು ಖಾಡಿ ದಾಟಲಿಲ್ಲ, ಆ ಹೊತ್ತಿಗೆ ನರಿಮನ್ ಪಾಯಿಂಟಿನಲ್ಲಿ ಸಮುದ್ರ ತುಂಬಿ ಗೋಪುರಗಳೆದ್ದವು. 20 ಲಕ್ಷ ಜನರಿಗೆಂದು ಯೋಚಿಸಿದ ಹೊಸ ನಗರದ ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲಿ 2011ರ ಜನಗಣತಿಗೆ ಸಿಕ್ಕವರು ಸುಮಾರು 11 ಲಕ್ಷ. ಇತ್ತ 1971ರಲ್ಲಿ 60 ಲಕ್ಷದ ಆಸುಪಾಸಿನಲ್ಲಿದ್ದ ಬೃಹನ್ಮುಂಬಯಿ 1 ಕೋಟಿ 24 ಲಕ್ಷಕ್ಕೆ ಬೆಳೆದಿತ್ತು. 2024ರ ಜನವರಿಯಲ್ಲಿ ತೆರೆದ ಅಟಲ್ ಸೇತು ಇಂಜಿನಿಯರಿಂಗಿನ ಸಾಹಸವೆಂಬುದು ನಿಜ. ಆದರೆ ಅದರ ಮೇಲೆ ರೈಲಿಲ್ಲ, ಮೋಟಾರ್ ಸೈಕಲ್ಲಿಗೂ ರಿಕ್ಷಾಕ್ಕೂ ಪ್ರವೇಶವಿಲ್ಲ.

ಮೂರನೆಯದು ಹಣದ ಬಲ. ಬೇಲಾಪುರದಲ್ಲಿ ಎಂಬತ್ತರ ದಶಕದಲ್ಲಿ ಕೊರಿಯಾ ಕಟ್ಟಿದ ಬಡಾವಣೆಯಲ್ಲಿ ಏಳು ಏಳು ಮನೆಗಳು ಒಂದು ಅಂಗಳದ ಸುತ್ತ ಕುಳಿತವು. ಬಡವನಿಗೂ ಅನುಕೂಲಸ್ಥನಿಗೂ ನಿವೇಶನದಲ್ಲಿ ಬಹಳ ಅಂತರವಿಡಲಿಲ್ಲ. ಕೈಯಲ್ಲಿ ಕಾಸು ಕೂಡಿದಂತೆ ಮನೆ ಬೆಳೆಸಿಕೊಳ್ಳಲೆಂದು ಗೋಡೆಗಳನ್ನು ಬಿಡಿಬಿಡಿಯಾಗಿ ಕಟ್ಟಿದರು. ಇಂದು ಅಲ್ಲಿಗೆ ಹೋದರೆ ಹಳೆಯ ಹೆಂಚಿನ ಮನೆಗಳಲ್ಲಿ ಎಷ್ಟೋ ಉರುಳಿ, ಕಾಂಕ್ರೀಟಿನ ದೊಡ್ಡ ಮನೆಗಳೆದ್ದಿವೆ. ಇದು ಸೋಲೆಂದು ಕೆಲವರು ಹೇಳುತ್ತಾರೆ. ನಮಗೆ ಹಾಗನಿಸುವುದಿಲ್ಲ, ಮನೆ ಬದಲಾದರೂ ಅಂಗಳ ಉಳಿದಿದ್ದರೆ ಯೋಜನೆ ಗೆದ್ದಂತೆಯೇ. ಆದರೆ ಇಂಥ ಬಡಾವಣೆ ಎಲ್ಲೆಡೆ ಏಕೆ ಹಬ್ಬಲಿಲ್ಲ ಎಂಬುದಕ್ಕೆ ರಾಜಕೀಯ ಇಚ್ಛಾಶಕ್ತಿಯ ಕೊರತೆ ಎಂದಷ್ಟೇ ಗ್ರಂಥ ಹೇಳಿದರೆ ಸಾಲದು. ಇಚ್ಛಾಶಕ್ತಿಗೆ ಕೊರತೆಯೇನೂ ಇರಲಿಲ್ಲ, ಅದು ಭೂಮಿಯ ಬೆಲೆಯ ಪಕ್ಷದಲ್ಲಿ ಕೆಲಸ ಮಾಡಿತು. ಗಿರಣಿಗಳ ಕಥೆ ಇದಕ್ಕೆ ಸಾಕ್ಷಿ. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಬಹಳ ಮಂದಿ ಮತ್ತೆ ಕೆಲಸಕ್ಕೆ ಮರಳಲೇ ಇಲ್ಲ. ಗಿರಣಿಯ ನೆಲ ಮಾರುವಾಗ ಮೂರರಲ್ಲೊಂದು ಪಾಲು ಬಯಲಿಗೆ, ಇನ್ನೊಂದು ಪಾಲು ಸಾರ್ವಜನಿಕ ವಸತಿಗೆ ಎಂದು 1991ರ ನಿಯಮ ಹೇಳಿತು. ಆ ನೆಲವನ್ನು ಇಡಿಯಾಗಿ ಯೋಜಿಸಬೇಕೆಂದು 1996ರಲ್ಲಿ ಸ್ವತಃ ಕೊರಿಯಾ ಅವರ ಸಮಿತಿ ಶಿಫಾರಸು ಮಾಡಿತು. 2001ರ ತಿದ್ದುಪಡಿ ಹಂಚಿಕೆಯನ್ನು ಖಾಲಿ ನೆಲಕ್ಕೆ ಮಾತ್ರ ಸೀಮಿತಗೊಳಿಸಿತು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಬಯಲು ಎಷ್ಟು ಉಳಿಯಿತೆಂಬುದನ್ನು ಲೋವರ್ ಪರೇಲಿನಲ್ಲಿ ಇಳಿದು ನೋಡಬಹುದು.

ಈಗ ನಮ್ಮ ಮನೆಬಾಗಿಲಿಗೇ ಬರೋಣ. ವರಳಿಯ ಬಿಡಿಡಿ ಚಾಳುಗಳಲ್ಲಿ 160 ಚದರಡಿಯ ಖೋಲಿಗೆ ಬದಲಾಗಿ 500 ಚದರಡಿಯ ಫ್ಲಾಟು, ಮೊದಲ ಕಂತಿನಲ್ಲಿ 556 ಕುಟುಂಬಗಳಿಗೆ, 2025ರ ಆಗಸ್ಟಿನಲ್ಲಿ ದೊರೆಯಿತು. ಮನೆಯೊಳಗೇ ಶೌಚಾಲಯ ದೊರೆತ ಹೆಂಗಸರ ಸಮಾಧಾನವನ್ನು ಹಳೆಯ ಗ್ಯಾಲರಿಯ ನೆನಪಿನಿಂದ ಹೀಗಳೆಯುವುದು ಕ್ರೌರ್ಯ. ಚಾಳಿನ ಬಗ್ಗೆ ಕಣ್ಣೀರು ಸುರಿಸುವವರು ಬಹುಪಾಲು ಚಾಳು ಬಿಟ್ಟವರೇ. ಆದರೂ ಹೊಸ ಗೋಪುರದಲ್ಲಿ ವಯಸ್ಸಾದ ಅಮ್ಮ ಸಂಜೆ ಎಲ್ಲಿ ಕುಳಿತುಕೊಳ್ಳುತ್ತಾಳೆ? ಮಕ್ಕಳು ಎಲ್ಲಿ ಆಡುತ್ತಾರೆ? ಲಿಫ್ಟಿನ ಖರ್ಚನ್ನೂ ಮೇಂಟೆನೆನ್ಸನ್ನೂ ಪಿಂಚಣಿಯಲ್ಲಿ ಬದುಕುವವನು ಎಷ್ಟು ವರ್ಷ ತೆತ್ತಾನು? ಸೊಸೈಟಿಯ ಸಭೆಯಲ್ಲಿ ಸಹಿ ಹಾಕುವ ಮೊದಲು ಕಾರ್ಪೆಟ್ ಏರಿಯಾದ ಜೊತೆಗೆ ಇವನ್ನೂ ಕೇಳಬೇಕು. ಕೇಳಿದವನನ್ನು ತಕರಾರಿನವನೆಂದು ಕರೆದರೆ ಕರೆಯಲಿ.

ಒಟ್ಟಿನಲ್ಲಿ ಗ್ರಂಥದ ರೋಗಪರೀಕ್ಷೆ ಸರಿ, ಔಷಧ ಅರ್ಧ. ಆದರೆ ನೆಲ ಯಾರದು, ಲಾಭ ಯಾರಿಗೆ ಎಂಬ ಉಳಿದರ್ಧವನ್ನು ಒಬ್ಬ ವಾಸ್ತುಶಿಲ್ಪಿಯಿಂದ ನಿರೀಕ್ಷಿಸುವುದೂ ಅನ್ಯಾಯವೇ. ಮಿತವಾದ ಪುಟಗಳ, ಚಿತ್ರಗಳುಳ್ಳ, ತಿಳಿಯಾದ ಇಂಗ್ಲಿಷಿನ ಪುಸ್ತಕವಿದು. ಜೂನಿಯರ್ ಕಾಲೇಜಿನ ಮಕ್ಕಳೂ ಓದಬಲ್ಲರು. ಜಾಗದ ಕುರಿತಾದ ಆ ಒಂದು ಅಧ್ಯಾಯವನ್ನಾದರೂ ನಮ್ಮ ಸದಸ್ಯರಲ್ಲಿ ಯಾರಾದರೂ ಅನುಮತಿ ಪಡೆದು ಕನ್ನಡಕ್ಕೆ ತರಲಿ ಎಂದು ಆಶಿಸುತ್ತೇವೆ. ಅನುವಾದಕರಿಗೆ ಶಬ್ದಗಳ ಕಷ್ಟ ಬರಲಾರದು. ಜಗಲಿ, ಅಂಗಳ ಎಂಬ ಮಾತುಗಳು ನಮ್ಮಲ್ಲಿ ಇನ್ನೂ ಇವೆ.