ಹುಲ್ಲುಗಾವಲಿನ ಮೆನ್ನೊನೈಟರು: ಹೊಲ ಮತ್ತು ಅಂಗಡಿ

ರಾಯ್ಡನ್ ಲೋವೆನ್ ಅವರ ‘ಫ್ಯಾಮಿಲಿ, ಚರ್ಚ್, ಅಂಡ್ ಮಾರ್ಕೆಟ್’ (1993) ಎಂಬ ಗ್ರಂಥವು, 1874ರಲ್ಲಿ ರಷ್ಯವನ್ನು ತೊರೆದು ಕೆನಡದ ಮ್ಯಾನಿಟೋಬದಲ್ಲಿಯೂ ಸಂಯುಕ್ತ ಸಂಸ್ಥಾನದ ನೆಬ್ರಾಸ್ಕದಲ್ಲಿಯೂ ನೆಲಸಿದ ಒಂದು ಚಿಕ್ಕ ಮೆನ್ನೊನೈಟ್ ಪಂಗಡದ ಚರಿತ್ರೆ. ಇವರು ಸೈನ್ಯಸೇವೆಯನ್ನು ಧರ್ಮವಿರುದ್ಧವೆಂದು ಬಗೆದ ಕ್ರೈಸ್ತ ಬೇಸಾಯಗಾರರು.

ಪೇಟೆಯ ಸಂಪರ್ಕದಿಂದ ಇಂತಹ ಸಮಾಜಗಳು ಒಡೆದುಹೋಗುವುವೆಂಬುದು ರೂಢಿಯ ಮಾತು. ಲೋವೆನ್ ಅದನ್ನು ಒಪ್ಪುವುದಿಲ್ಲ. ಗೋಧಿ ಬೆಣ್ಣೆಗಳನ್ನು ಮಾರಿ ಬಂದ ಹಣವು ಮಕ್ಕಳಿಗೆ ಹೊಲ ಕೊಳ್ಳುವುದಕ್ಕೆ ಒದಗಿತು. ಪೇಟೆಯೇ ಮನೆತನವನ್ನು ಉಳಿಸಿತು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದ್ದಿತೆಂಬ ಸಂಗತಿಯನ್ನು ನಮ್ಮ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ರೈಲುದಾರಿಯಿಲ್ಲದ ಸ್ಟೈನ್‌ಬ್ಯಾಕ್ ಗ್ರಾಮದಲ್ಲಿ ಅಂಗಡಿಗಳೂ ಹಿಟ್ಟಿನ ಗಿರಣಿಯೂ ಬೆಳೆದ ಪರಿಯನ್ನು ವಿವರಿಸುವ ಭಾಗವೇ ಗ್ರಂಥದ ತಿರುಳೆಂದು ನಾವು ಭಾವಿಸುತ್ತೇವೆ. ವರ್ತಕರ ಮನೆಗಳ ಹೆಂಗಸರು ಹಾಲು ಕರೆಯುವ, ಬೆಣ್ಣೆ ತೆಗೆಯುವ ದುಡಿಮೆಯಿಂದ ದೂರವಾದರು. ಅನುಕೂಲ ಹೆಚ್ಚಿತು, ಅದರೊಡನೆ ಅವರ ಮಾತಿಗೆ ಬೆಲೆಯೂ ಹೆಚ್ಚಿತೆಂದು ಹೇಳಲಾಗದು.

ನಮ್ಮ ಆಕ್ಷೇಪಣೆ ಒಂದೇ. ಇವರು ಬಂದಿಳಿಯುವುದಕ್ಕೆ ಕೇವಲ 3 ವರ್ಷಗಳ ಹಿಂದೆ, 1871ರ ಒಪ್ಪಂದದಲ್ಲಿ, ಮ್ಯಾನಿಟೋಬದ ಆ ನೆಲವು ಅನಿಶಿನಾಬೆ ಮುಂತಾದ ಮೂಲನಿವಾಸಿಗಳ ಕೈಬಿಟ್ಟಿತ್ತು. ಒಂದೊಂದು ಮನೆತನದ ಹೊಲವನ್ನೂ ಇಷ್ಟು ಸೂಕ್ಷ್ಮವಾಗಿ ಅಳೆದ ಲೇಖಕರು ಆ ಪೂರ್ವಕಥೆಗೆ ಇನ್ನಷ್ಟು ಎಡೆ ಕೊಡಬೇಕಾಗಿದ್ದಿತು.